ಸೊಟ್ಟಗಾದ ನಾಲ್ಕನೇ ಸಾಲು

ಫೆಬ್ರವರಿ ೧೧

ಕನ್ನಡಕದ ಅಂಗಡಿಯ ಯಜಮಾನರಿಗೆ,

ನಲವತ್ತು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ನಮ್ಮ ಊರಿನ ಜನ ಒಬ್ಬ ವಿಮಾನ ಚಾಲಕನನ್ನು ಹೊಡೆದು ಕೊಂದರು. ಅವನು ನಿಮ್ಮ ಕಡೆಯವನು. ಬಿದ್ದು ಸಾಯಲಿಲ್ಲ, ಸುಟ್ಟು ಸಾಯಲಿಲ್ಲ. ಪ್ಯಾರಾಚೂಟಿನಲ್ಲಿ ಜೀವಂತ ಇಳಿದವನನ್ನು ಕೊಂದರು. ನಮ್ಮ ಶಾಲೆಯ ಗೋಡೆಯ ಮೇಲೆ ಆ ದಿನವನ್ನು, ಅಂದರೆ ಅಕ್ಟೋಬರ್ ಹನ್ನೊಂದನ್ನು, ‘ಶತ್ರು ವಿಮಾನ ನಾಶವಾದ ದಿನ’ ಎಂದು ಬರೆದಿದ್ದಾರೆ. ನಾನು ಅದನ್ನು ಓದುತ್ತಲೇ ಬೆಳೆದೆ. ಅದು ಸುಳ್ಳು.

ನಿಮಗೇಕೆ ಬರೆಯುತ್ತಿದ್ದೇನೆ ಎಂದರೆ, ಅವನ ಜೇಬಿನಲ್ಲಿದ್ದ ಒಂದು ಕನ್ನಡಕದ ಡಬ್ಬಿ ಒಂದು ಹೊಲಿಗೆ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿತು. ಮುಚ್ಚಳದ ಒಳಗೆ ನಿಮ್ಮ ಅಂಗಡಿಯ ಮುದ್ರೆ, ಬೀದಿ, ಊರು ಎಲ್ಲ ಇವೆ. ಅಂಗಡಿ ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೆ, ಆ ಡಬ್ಬಿಯನ್ನು ಕೊಂಡುಹೋದ ಗಿರಾಕಿ ಯಾರಿರಬಹುದು, ಅವನ ಮನೆಯವರು ಎಲ್ಲಿದ್ದಾರೆ, ತಿಳಿಸಿ.

ನಾನು ಚಲುವೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಹಸಿ ಬಟ್ಟೆಯನ್ನು ತೊಟ್ಟಿಯಲ್ಲಿ ಕುದಿಸಿ, ಮೈದಾನದಲ್ಲಿ ಬಿಸಿಲಿಗೆ ಹಾಸಿ ಬಿಳಿ ಮಾಡುತ್ತಾರೆ. ನನ್ನದು ಮಡಚುವ ವಿಭಾಗ. ಸಂಜೆ ಸಂಘದ ವಾಚನಾಲಯದಲ್ಲಿ ಸಿಕ್ಕಿದ ಕರಪತ್ರವನ್ನೆಲ್ಲ ಓದುತ್ತೇನೆಂದು ಜೊತೆಯವರು ನನ್ನನ್ನೇ ‘ಕರಪತ್ರ’ ಎಂದು ಕರೆಯುತ್ತಾರೆ. ಕರೆಯಲಿ. ಸತ್ತವನ ಬಗ್ಗೆ ಒಂದು ಕರಪತ್ರ ಬರೆಯಬೇಕೆಂದಿದ್ದೇನೆ. ಸಾಧಾರಣ ಜನರನ್ನು ಸಾಧಾರಣ ಜನರ ಮೇಲೆ ಛೂ ಬಿಟ್ಟವರು ಯಾರು ಎಂಬುದು ಅದರಲ್ಲಿ ಬರುತ್ತದೆ. ಗಡಿಯ ಎರಡೂ ಕಡೆ ಒಂದೇ ಭಾಷೆ ಆಡುವ ನಾವು ಇನ್ನೆಷ್ಟು ಕಾಲ ಸುಮ್ಮನಿರುವುದು?

ಉತ್ತರ ಬರೆಯಿರಿ. ಬರೆಯದಿದ್ದರೆ ಮತ್ತೆ ಬರೆಯುತ್ತೇನೆ.

ಇತಿ,
‘ಕರಪತ್ರ’

*

ಮಾರ್ಚ್ ೬

ಪತ್ರ ತಲುಪಿತು. ಅಂಗಡಿ ಇದೆ. ನಡೆಸುವವಳು ನಾನೇ. ಗಿರಾಕಿಯೊಬ್ಬರ ಚೌಕಟ್ಟಿಗೆ ಗಾಜು ಕೂರಿಸುತ್ತಿದ್ದಾಗ ಅಂಚೆಯವನು ನಿಮ್ಮ ಲಕೋಟೆ ಮೇಜಿನ ಮೇಲಿಟ್ಟು ಹೋದ. ಮೊದಲ ಸಾಲು ಓದಿದ ಮೇಲೆ ಆ ಗಾಜನ್ನು ಮತ್ತೆ ಕೂರಿಸಲಾಗಲಿಲ್ಲ. ಗಿರಾಕಿಗೆ ನಾಳೆ ಬನ್ನಿ ಎಂದೆ.

ಆ ಡಬ್ಬಿಯನ್ನು ಯಾರೂ ಕೊಂಡುಹೋಗಲಿಲ್ಲ. ನಾನೇ ಕೊಟ್ಟದ್ದು. ಅವನು ನನ್ನ ತಮ್ಮ.

ವಿಮಾನ ಮೋಡದ ಮೇಲೆ ಇರುವಾಗಲೇ ಹೊತ್ತಿಕೊಂಡಿತು, ಅವನಿಗೆ ಏನೂ ತಿಳಿದಿರಲಾರದು ಎಂದು ಆಗ ಸೇನೆಯವರು ಮನೆಗೆ ಬಂದು ಹೇಳಿದ್ದರು. ಅಮ್ಮ ಅದನ್ನೇ ನಂಬಿಕೊಂಡು ಕಣ್ಣು ಮುಚ್ಚಿದಳು. ನಿಮ್ಮ ಪತ್ರ ಬರುವವರೆಗೆ ಅವನು ಆಕಾಶದಲ್ಲೇ ಸತ್ತಿದ್ದ. ನಲವತ್ತು ವರ್ಷ ಆದಮೇಲೆ ನೀವು ಅವನನ್ನು ನೆಲಕ್ಕೆ ಇಳಿಸಿದ್ದೀರಿ.

ನಿಮ್ಮ ಕರಪತ್ರದ ವಿಷಯ ನನಗೆ ಗೊತ್ತಿಲ್ಲ. ಎರಡು ಮಾತು ಮಾತ್ರ ಕೇಳುತ್ತೇನೆ. ಇಳಿದಾಗ ಅವನ ಹತ್ತಿರ ಯಾರಾದರೂ ಇದ್ದರೇ? ಡಬ್ಬಿ ಖಾಲಿಯಿತ್ತೇ? ಅವನು ಕನ್ನಡಕ ಹಾಕುತ್ತಿರಲಿಲ್ಲ. ನಮ್ಮ ಬೀದಿಯ ತುದಿಯ ಫಲಕವನ್ನು ಅಂಗಡಿಯ ಬಾಗಿಲಿನಿಂದಲೇ ಓದುವ ಕಣ್ಣು ಅವನದು. ಅದರಲ್ಲಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುತ್ತಿದ್ದ.

*

ಮಾರ್ಚ್ ೧೯

ಅಮ್ಮಾ,

ಹಾಗೆ ಕರೆಯಲು ನೀವು ಅನುಮತಿ ಕೊಟ್ಟಿಲ್ಲ, ಆದರೂ ಕರೆಯುತ್ತೇನೆ. ಓದುವವರು ಅವನ ಅಕ್ಕನೇ ಎಂದು ತಿಳಿದಿದ್ದರೆ ಆ ಮೊದಲ ಸಾಲನ್ನು ಹಾಗೆ ಮುಖಕ್ಕೆ ಎಸೆಯುತ್ತಿರಲಿಲ್ಲ. ಆದರೆ ಸಾಲು ಅದೇ ಇರುತ್ತಿತ್ತು. ಸತ್ಯಕ್ಕೆ ಬೇರೆ ಬಟ್ಟೆ ತೊಡಿಸಲು ನನಗೆ ಬರುವುದಿಲ್ಲ.

ನಿಮ್ಮ ಎರಡು ಪ್ರಶ್ನೆಗಳನ್ನು ಕಣ್ಣಾರೆ ಕಂಡ ಒಬ್ಬ ಸಾಕ್ಷಿಯ ಮುಂದಿಟ್ಟೆ. ಅವನು ಜೀವಂತ ಇಳಿದ ಎಂದು ನನಗೆ ಹೇಳಿದವರು ಅವರೇ. ಪೆಪ್ಪರ್‌ಮಿಂಟ್ ಎಂದ ಕೂಡಲೇ ಅವರು ಎದ್ದು ಒಳಗೆ ಹೋದರು. ಡಬ್ಬಿಯಲ್ಲಿ ಈಗ ಸೂಜಿಗಳಿವೆ.

ಆದರೆ ಈ ಒಂದು ತಿಂಗಳಲ್ಲಿ ನಾನು ಇದಕ್ಕಿಂತ ದೊಡ್ಡದೊಂದನ್ನು ಕಂಡುಹಿಡಿದಿದ್ದೇನೆ. ಕೂತುಕೊಂಡು ಓದಿ.

ನಿಮ್ಮ ತಮ್ಮನ ಬಾಂಬುಗಳು ಎಲ್ಲಿ ಬಿದ್ದವು ಗೊತ್ತೇ? ಕಾರ್ಖಾನೆಯ ಶೆಡ್ಡುಗಳ ಮೇಲಲ್ಲ, ಮನೆಗಳ ಮೇಲೂ ಅಲ್ಲ. ಆಚೆಯ ಚಲುವೆ ಮೈದಾನದ ಮೇಲೆ. ಊಟದ ಹೊತ್ತು, ಮೈದಾನದಲ್ಲಿ ಕೆಲಸಗಾರರು ಇರಲಿಲ್ಲ. ಹಾಸಿದ ಬಟ್ಟೆ ಸುಟ್ಟಿತು, ಅಷ್ಟೇ. ಆ ದಿನ ನಮ್ಮಲ್ಲಿ ಒಂದು ಜೀವವೂ ಹೋಗಲಿಲ್ಲ. ಬಾಯ್ಲರಿನ ಮುದುಕನನ್ನು ಕೇಳಿದೆ. ಮೋಡ ಇರಲಿಲ್ಲ, ಗಾಳಿ ಇರಲಿಲ್ಲ, ವಿಮಾನ ಎರಡು ಸುತ್ತು ಹಾಕಿ ನೋಡಿಕೊಂಡೇ ಹಾಕಿತು ಎಂದ. ‘ಗುರಿ ಹಿಡಿಯೋಕೆ ಬಾರದ ದಡ್ಡ’ ಎಂದು ನಕ್ಕ. ನಾನು ನಗಲಿಲ್ಲ. ಬೀದಿಯ ತುದಿಯ ಫಲಕ ಓದುವ ಕಣ್ಣು ಎಂದು ನೀವೇ ಬರೆದಿದ್ದೀರಿ. ಅಂಥ ಕಣ್ಣಿಗೆ ಒಂದು ಇಡೀ ಕಾರ್ಖಾನೆ ಕಾಣಲಿಲ್ಲವೇ? ಕಂಡಿತು. ಕಂಡೇ ಬೇಡವೆಂದ. ಅಪ್ಪಣೆ ಮೀರಿ ಬಾಂಬನ್ನು ಬಯಲಿಗೆ ಚೆಲ್ಲಿದ. ತಮ್ಮನ್ನು ಉಳಿಸಿದವನನ್ನೇ ನಮ್ಮ ಜನ ಕೊಂದರು.

ಕರಪತ್ರದ ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ. ತಲೆಬರಹ: ‘ಬಾಂಬ್ ಹಾಕಲೊಲ್ಲದವನು’. ಸಂಘದ ಸಭೆಯಲ್ಲಿ ಓದಿದಾಗ ಯಾವತ್ತೂ ನನ್ನನ್ನು ಆಡಿಕೊಳ್ಳುವವರೂ ಇನ್ನೊಮ್ಮೆ ಓದು ಎಂದರು. ಮೈದಾನದ ಬೇಲಿಯ ಮೂಲೆಯಲ್ಲಿ ಅವನನ್ನು ಹೂಳಿದ ಜಾಗ ಇದೆ. ಈಗ ಅಲ್ಲಿ ಬರೀ ಕಲ್ಲುಗುಂಡುಗಳಿವೆ. ಅಲ್ಲೊಂದು ಕೆತ್ತಿದ ಕಲ್ಲು ನೆಡಲು ಸಂಘ ಒಪ್ಪಿದೆ. ಜೂನ್ ತಿಂಗಳಲ್ಲಿ. ‘ನಮ್ಮನ್ನು ಉಳಿಸಿದವನಿಗೆ’ ಎಂದು ಕೆತ್ತಿಸುತ್ತಾರೆ. ನೀವು ಬರಬೇಕು.

ನನ್ನ ಬಗ್ಗೆ ಹೇಳುವುದೇನೂ ಇಲ್ಲ. ಇಪ್ಪತ್ತೆರಡು ವರ್ಷ. ಅಪ್ಪ ಅಮ್ಮ ಇಲ್ಲ. ಅಪ್ಪನ ಅಕ್ಕ, ನನ್ನ ಅತ್ತೆ, ಸಾಕಿದಳು. ಅವಳ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದೇನೆ. ಈ ಕಾಗದ ಸ್ವಲ್ಪ ತೇವ ಹಿಡಿದಿದ್ದರೆ ಕ್ಷಮಿಸಿ. ಅತ್ತೆ ಬಟ್ಟೆಯನ್ನು ಹೊರಗೆ ಒಣಹಾಕುವುದಿಲ್ಲ. ಕುರ್ಚಿ, ಬಾಗಿಲು, ಮಂಚದ ಕಾಲು, ಎಲ್ಲೆಂದರಲ್ಲಿ ಹರಡುತ್ತಾಳೆ. ಊರಿಗೆಲ್ಲ ಬಟ್ಟೆ ಒಣಗಿಸುವ ಬೀದಿಯಲ್ಲಿ ನಮ್ಮದೊಂದೇ ಒದ್ದೆ ಮನೆ ಎಂದು ಜೊತೆಯವರು ತಮಾಷೆ ಮಾಡುತ್ತಾರೆ.

ಇತಿ,
‘ಕರಪತ್ರ’

*

ಏಪ್ರಿಲ್ ೨೮

ಮಗು,

ಇಪ್ಪತ್ತೆರಡು ಎಂದೆಯಲ್ಲ. ಅವನಿಗೂ ಅಷ್ಟೇ ಆಗಿತ್ತು. ಅದಕ್ಕೇ ಇನ್ನು ‘ನೀವು’ ಎನ್ನಲು ನನ್ನ ಕೈ ಬರುವುದಿಲ್ಲ.

ಉತ್ತರ ತಡವಾಯಿತು. ನಿನ್ನ ಕರಡನ್ನು ಅಂಗಡಿಯ ಒಳಗಿನ ಕೋಣೆಯಲ್ಲಿ ಜೋರಾಗಿ ಓದಿದೆ. ಅಲ್ಲಿ ಅಮ್ಮನ ಪಟ ಇದೆ. ಮತ್ತೊಮ್ಮೆ ಓದಿದೆ. ಚೆನ್ನಾಗಿ ಬರೆಯುತ್ತೀಯೆ. ‘ಅವನ ಕೈ ಅಪ್ಪಣೆಯನ್ನು ಕೇಳಲಿಲ್ಲ, ಹೃದಯವನ್ನು ಕೇಳಿತು’ ಎಂಬ ಸಾಲಿನ ಹತ್ತಿರ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಅವನು ಯಾರೆಂದು ನೀನು ಮೊದಲ ಪತ್ರದಲ್ಲೇ ಕೇಳಿದ್ದೆ. ಹೇಳುತ್ತೇನೆ. ಅವನು ಮಹಾ ತುಂಟ. ನನ್ನ ಭೂತಗನ್ನಡಿಯಿಂದ ಶಾಲೆಯ ಪುಸ್ತಕದಲ್ಲಿ ತೂತು ಸುಟ್ಟು, ಇಲಿ ತಿಂದಿತು ಎಂದವನು. ಮಾತಾಡುವಾಗ ಎದುರಿಗಿದ್ದವರ ಗುಂಡಿ ತಿರುಗಿಸುವ ಅಭ್ಯಾಸ. ಅಮ್ಮನ ರವಿಕೆಯ ಗುಂಡಿಗಳೆಲ್ಲ ಸಡಿಲ. ವಿಮಾನದಳ ಸೇರಿದ್ದು ದೇಶಕ್ಕಾಗಿ ಎಂದು ನಾನು ಹೇಳಲಾರೆ. ಮೇಲಿನಿಂದ ನೋಡಬೇಕು ಎಂಬ ಹುಚ್ಚಿಗೆ ಸೇರಿದ. ಚಳಿ ತಡೆಯದವನು. ಎರಡು ಸ್ವೆಟರ್ ತೊಟ್ಟು ಹಾರುತ್ತಿದ್ದ. ಕೊನೆಯ ಸಲ ರಜೆಗೆ ಬಂದಾಗ ಅದರಲ್ಲೊಂದರ ಮೊಣಕೈ ಹೊಲಿದುಕೊಟ್ಟಿದ್ದೆ.

ಕಲ್ಲಿನ ಮಾತು ಆಮೇಲೆ ನೋಡೋಣ. ನನ್ನನ್ನು ಒಂದು ಕಾಡುತ್ತಿದೆ. ನಿನ್ನ ಕರಡಿನಲ್ಲಿ ‘ಜನ’ ಹೊಡೆದರು, ‘ಜನ’ ಕೊಂದರು ಎಂದೇ ಇದೆ. ಜನಕ್ಕೆ ಕೈ ಇರುವುದಿಲ್ಲ ಮಗು. ಕೈ ಇರುವುದು ಒಬ್ಬೊಬ್ಬರಿಗೆ. ಆ ಕೈಗಳು ಯಾವ ಮನೆಯವು? ಮತ್ತೆ, ಡಬ್ಬಿಯಲ್ಲಿ ಸೂಜಿಗಳಿವೆ ಎಂದೆ. ಯಾರ ಸೂಜಿಗಳು?

*

ಮೇ ೯

ಅಮ್ಮಾ,

ಸ್ವೆಟರಿನ ಮೊಣಕೈಯನ್ನು ಕರಪತ್ರದಲ್ಲಿ ಸೇರಿಸಿದ್ದೇನೆ. ಭೂತಗನ್ನಡಿಯನ್ನು ಬಿಟ್ಟೆ. ಅದು ಅವನ ಗಂಭೀರತೆಗೆ ಒಪ್ಪುವುದಿಲ್ಲ.

ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು. ಹೊಡೆದವರ ಮನೆ ಹುಡುಕುವುದು ಪೊಲೀಸರ ಕೆಲಸ. ನನ್ನದು ಅದಲ್ಲ. ಹಸಿವು, ಭಯ, ಸುಳ್ಳು ಸುದ್ದಿ, ಇವು ಆ ಕೈಗಳನ್ನು ಎತ್ತಿಸಿದವು. ಅದೇ ವರ್ಷ ಬೇಸಿಗೆಯ ಮೊದಲಲ್ಲಿ ಇನ್ನೊಂದು ವಿಮಾನ ಬಂದು ಕುದಿಯುವ ತೊಟ್ಟಿಗಳ ಶೆಡ್ಡನ್ನು ಸುಟ್ಟಿತ್ತು. ಒಳಗಿದ್ದವರು ಬೆಂದುಹೋದರು. ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ, ಅವರಲ್ಲೊಬ್ಬ. ಆ ಸಿಟ್ಟು ತಪ್ಪು ಮನುಷ್ಯನ ಮೇಲೆ ಬಿತ್ತು, ಸುಡಲು ಬಂದವನ ಬದಲು ಉಳಿಸಲು ಬಂದವನ ಮೇಲೆ. ಅಷ್ಟು ಸಾಕಲ್ಲವೇ? ಹೆಸರು ಹಿಡಿದು ಹೊಗೆ ಎಬ್ಬಿಸಿದರೆ ಸಂಘ ಒಡೆಯುತ್ತದೆ.

ಕಲ್ಲುಕುಟಿಗ ಕಲ್ಲು ಆರಿಸಿದ್ದಾನೆ. ನೀವು ಬರುವ ದಿನ ತಿಳಿಸಿ.

*

ಮೇ ೩೦

ಮಗು,

ನಿನ್ನ ಪತ್ರದಲ್ಲಿ ‘ಇನ್ನೊಂದು ವಿಮಾನ’ ಎಂದಿದ್ದೀಯೆ. ಅದನ್ನು ಓದಿದ ಮೇಲೆ ನಾನು ಇನ್ನು ಸುಮ್ಮನಿರುವ ಹಾಗಿಲ್ಲ.

ಅದು ಇನ್ನೊಂದಲ್ಲ. ಅವನೇ. ಬೇಸಿಗೆಯಲ್ಲಿ ನಿಮ್ಮ ಊರಿಗೆ ಬಂದವನೂ ನನ್ನ ತಮ್ಮನೇ. ಆಮೇಲೆ ರಜೆಗೆ ಬಂದಾಗ ಅಂಗಡಿಯ ಸ್ಟೂಲಿನ ಮೇಲೆ ಕೂತು, ನನ್ನ ಗುಂಡಿ ತಿರುಗಿಸುತ್ತ ಅದನ್ನೆಲ್ಲ ಹೇಳಿದ. ನದಿಯ ತಿರುವಿನಲ್ಲಿ ಒಂದು ಕಾರ್ಖಾನೆ, ತವರದ ಮಾಡು, ಸಾಲುಸಾಲು ಶೆಡ್ಡು, ನಡುವೆ ಓಡಾಡುವ ಓಣಿ. “ಅಕ್ಕಾ, ಮೇಲಿಂದ ನೋಡಿದ್ರೆ ಅದು ಊರು ಅಂತಾನೇ ಅನ್ಸಲ್ಲ. ಒಗೆದು ಹಾಸಿದ ಬಟ್ಟೆ ಥರ ಕಾಣುತ್ತೆ. ಒಂದು ಸಾಲು ಮುಗಿಸಿದೀನಿ. ಮುಂದಿನ ಸಲ ಉಳಿದದ್ದು,” ಎಂದ. ನಕ್ಕ. ಅವನ ನಗುವಿನಲ್ಲಿ ಕ್ರೌರ್ಯ ಇರಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವನ ಹಾಗೆ ನಕ್ಕ. ಅದೇ ನನ್ನ ನಿದ್ದೆ ಕೆಡಿಸುವುದು. ನಾನು ಸ್ವೆಟರ್ ಹೊಲಿಯುತ್ತಿದ್ದೆ. ಹೊಲಿದು ಮುಗಿಸಿ ಕೊಟ್ಟೆ.

ನಿಮ್ಮ ಮೈದಾನದಲ್ಲಿ ಆ ದಿನ ಬಟ್ಟೆ ಹಾಸಿತ್ತು ಎಂದು ನೀನೇ ಬರೆದೆ. ಸಾಲುಸಾಲಾಗಿಯೇ ಹಾಸಿದ್ದಿರಬೇಕು, ನಡುವೆ ಓಡಾಡಲು ಜಾಗ ಬಿಟ್ಟೇ ಇರಬೇಕು. ಅವನು ಶೆಡ್ಡುಗಳನ್ನು ಬಿಡಲಿಲ್ಲ ಮಗು. ಬಟ್ಟೆಯನ್ನೇ ಶೆಡ್ಡು ಎಂದುಕೊಂಡ. ನೀನು ಮಾರ್ಚ್‌ನಲ್ಲಿ ಬಟ್ಟೆ ಎಂದಾಗಲೇ ನನಗೆ ಇದು ಹೊಳೆದಿತ್ತು. ಹೇಳಲಿಲ್ಲ. ನಿನ್ನ ಕರಡಿನಲ್ಲಿದ್ದ ಹುಡುಗ ನನಗೆ ಬಹಳ ಹಿಡಿಸಿದ. ಎರಡು ತಿಂಗಳು ಅವನ ಜೊತೆ ಇದ್ದೆ. ಆದರೆ ಅವನು ನನ್ನ ತಮ್ಮನಲ್ಲ. ಅವನಿಗೆ ಕಲ್ಲು ನೆಟ್ಟರೆ ನನ್ನ ತಮ್ಮ ಎಲ್ಲಿಗೆ ಹೋಗಬೇಕು?

ಇದನ್ನು ಓದಿದರೆ ನಿಮ್ಮ ಸಂಘ ಕಲ್ಲು ಕೊಡುವುದಿಲ್ಲ ಎಂದು ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈಗ ನಾನು ಕೇಳುತ್ತೇನೆ, ನೀನು ಹೇಳು. ಅವನು ನಿಮ್ಮ ಊರನ್ನು ಸುಡಲೆಂದೇ ಬಂದ. ನಿನ್ನ ದೊಡ್ಡಪ್ಪನನ್ನು ಸುಟ್ಟವನೂ ಅವನೇ. ಇಳಿದ ಮೇಲೆ ಅವನನ್ನು ಹೊಡೆದು ಕೊಂದದ್ದು ಈಗಲೂ ತಪ್ಪೇ? ಅಥವಾ ಒಳ್ಳೆಯವನನ್ನು ಕೊಂದರೆ ಮಾತ್ರ ನಿನ್ನ ಲೆಕ್ಕದಲ್ಲಿ ತಪ್ಪೋ?

*

ಜುಲೈ ೨೨

ಮಗು,

ಜೂನ್ ಕಳೆಯಿತು. ನಿನ್ನ ಪತ್ರವಿಲ್ಲ. ಉತ್ತರ ಬರದಿದ್ದರೆ ಮತ್ತೆ ಬರೆಯುತ್ತೇನೆ ಎಂದು ನೀನು ಒಮ್ಮೆ ಹೆದರಿಸಿದ್ದೆ. ಈಗ ನಾನು ಅದನ್ನೇ ಮಾಡುತ್ತಿದ್ದೇನೆ.

ಕಲ್ಲು ನೆಟ್ಟರೋ? ನೆಟ್ಟಿದ್ದರೆ ಇರಲಿ. ಕೀಳಿಸಲು ನಾನು ಬರುವುದಿಲ್ಲ. ಬಾಗಿಲಿನಿಂದ ಯಾರಾದರೂ ಒಳಗೆ ಬಂದರೆ, ನೆಲಕ್ಕಿಳಿದ ಅವನೇ ನಡೆದು ಬಂದನೋ ಎಂದು ಮೊದಲು ಕಾಲು ನೋಡುತ್ತೇನೆ. ಆಕಾಶದಲ್ಲಿ ಸತ್ತವನು ಹೀಗೆ ಬಾಗಿಲಿಗೆ ಬರುತ್ತಿರಲಿಲ್ಲ.

ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆ.

*

ಆಗಸ್ಟ್ ೧೭

ಅಮ್ಮಾ,

ಸಿಟ್ಟಿತ್ತು. ನಿಮ್ಮ ಮೇ ತಿಂಗಳ ಪತ್ರವನ್ನು ಓದಿ, ಮುದುಕಿ ಸುಳ್ಳು ಹೇಳುತ್ತಿದ್ದಾಳೆ ಎಂದೆ. ಹೊಟ್ಟೆಗೆ ಹಾಕಿಕೊಳ್ಳಿ. ಸುಳ್ಳೆಂದು ತೋರಿಸಲು ನೀರಿನ ಟ್ಯಾಂಕು ಹತ್ತಿದೆ. ಯುದ್ಧದಲ್ಲಿ ಅಲ್ಲೇ ಫಿರಂಗಿ ಇಟ್ಟಿದ್ದರು. ನಿಮ್ಮ ತಮ್ಮನ ವಿಮಾನಕ್ಕೆ ಗುಂಡು ತಗುಲಿದ್ದು ಅಲ್ಲಿಂದಲೇ. ಏಣಿಗೆ ತುಕ್ಕು ಹಿಡಿದಿದೆ. ಕೆಳಗಿನಿಂದ ನನ್ನ ಜೊತೆಗಾತಿ ಗುಬ್ಬಿ, ಇಬ್ಬರೂ ಒಂದೇ ಥಾನಿನ ಎರಡು ತುದಿ ಹಿಡಿದು ಮಡಚುವವರು, “ಏ ಕರಪತ್ರ, ಬಿದ್ರೆ ನಾನು ಒಬ್ಳೇ ಮಡಚೋಕಾಗಲ್ಲ, ಇಳಿಯೇ” ಎಂದು ಕೂಗುತ್ತಿದ್ದಳು.

ಮೇಲೆ ಹೋಗಿ ತಿರುಗಿದೆ. ಬೆಳಗಿನ ಬಿಸಿಲು. ಒಂದು ಕಡೆ ಶೆಡ್ಡುಗಳ ತವರದ ಮಾಡು, ಇನ್ನೊಂದು ಕಡೆ ಹಾಸಿದ ದಪ್ಪ ಬಟ್ಟೆ. ಎರಡೂ ಒಂದೇ ಬಿಳುಪು. ಎರಡೂ ಸಾಲು. ಎರಡರ ನಡುವೆಯೂ ಓಣಿ. ಬಟ್ಟೆಯ ಮೇಲೆ ನೀರು ಹಾಕುತ್ತ ಹೋಗುವವರು ಶೆಡ್ಡಿನ ಓಣಿಯಲ್ಲಿ ಹೋಗುವವರ ಹಾಗೇ ಕಂಡರು. ನಾನು ಅಲ್ಲೇ ಹುಟ್ಟಿ ಬೆಳೆದವಳು, ನನಗೂ ಒಂದು ಗಳಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ. ನಮ್ಮ ಊರಿನಲ್ಲಿ ಯಾರೂ ಬಟ್ಟೆಯನ್ನು ಮೇಲಿನಿಂದ ನೋಡಿಲ್ಲ. ಅದಕ್ಕೇ ಇಷ್ಟು ವರ್ಷ ಒಬ್ಬರಿಗೂ ಹೊಳೆದಿಲ್ಲ.

ಇಳಿದು ಮನೆಗೆ ಹೋಗಿ ಅತ್ತೆಗೆ ಹೇಳಿದೆ. ನಿಮ್ಮಿಂದ ಮುಚ್ಚಿಟ್ಟಿದ್ದೆ. ಸಾಕ್ಷಿ ನಮ್ಮ ಅತ್ತೆಯೇ. ಸೂಜಿಗಳು ಅವಳವು. ನಿಮಗೆ ಏಪ್ರಿಲ್‌ನಲ್ಲೇ ಗೊತ್ತಾಗಿತ್ತು ಅನಿಸುತ್ತದೆ. ಅವನು ಬಟ್ಟೆಯನ್ನು ಶೆಡ್ಡು ಅಂದ್ಕೊಂಡನಂತೆ ಎಂದಾಗ ಅತ್ತೆ ಕೈಯಲ್ಲಿದ್ದ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ನೆಲದ ಮೇಲೆ ಕೂತು ಶುರು ಮಾಡಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

ಅವಳಿಗೆ ಆಗ ಹದಿಮೂರು. ಊಟದ ಹೊತ್ತಿನಲ್ಲಿ ನಾಯಿ ದನ ಬಟ್ಟೆ ತುಳಿಯದಂತೆ ಕಾಯುವ ಕೆಲಸ. ಬಾಂಬು ಆಚೆಯ ತುದಿಯಲ್ಲಿ ಬಿದ್ದು ಬಟ್ಟೆ ಹೊತ್ತಿಕೊಂಡಿತು. ಎಲ್ಲರೂ ಆ ಕಡೆ ಓಡಿದರು. ಅವನು ಈಚೆಯ ತುದಿಯಲ್ಲಿ, ಅವಳ ಮುಂದೆಯೇ ಬಂದು ಬಿದ್ದ. ಕಾಲು ಮುರಿದಿತ್ತು. ಕೂಗಲಿಲ್ಲ. ಅವಳನ್ನು ನೋಡಿ ಜೇಬಿಗೆ ಕೈ ಹಾಕಿದ. ಪಿಸ್ತೂಲು ತೆಗೆಯುತ್ತಾನೆಂದು ಇವಳು ಕಣ್ಣು ಮುಚ್ಚಿದಳು. ತೆರೆದಾಗ ಅವನ ಕೈಯಲ್ಲಿ ಡಬ್ಬಿ ಇತ್ತು.

“ಒಂದು ಅವನು ಬಾಯಿಗೆ ಹಾಕ್ಕೊಂಡ. ಒಂದು ನನ್ನ ಕಡೆ ಚಾಚಿದ. ನಾನು ತಗೊಂಡೆ.”

ಅವಳು ಅವನ ಮೇಲೆ ನಾಲ್ಕನೇ ಸಾಲಿನ ಒದ್ದೆ ಬಟ್ಟೆ ಎಳೆದು ಹೊದಿಸಿದಳು. ಬಿಳಿಯ ಮೇಲೆ ಬಿಳಿ, ಯಾರಿಗೂ ಕಾಣುವುದಿಲ್ಲ ಎಂದುಕೊಂಡಳು. ಕಾಣುತ್ತಲೂ ಇರಲಿಲ್ಲ. ಆದರೆ ಬಟ್ಟೆ ಎಳೆದದ್ದರಿಂದ ಸಾಲು ಸೊಟ್ಟಗಾಯಿತು. ನಮ್ಮ ಅಜ್ಜ, ಅವಳ ಅಪ್ಪ, ಸಾಲು ಮೇಸ್ತ್ರಿ. ಸಾಲು ನೇರ ಇಡಿಸುವುದೇ ಅವನ ಬದುಕು. ಬೆಂಕಿ ಆರಿಸಲು ಬಟ್ಟೆ ಎತ್ತುವ ಬಿದಿರಿನ ಗಳ ಹಿಡಿದು ಓಡಿ ಬರುತ್ತಿದ್ದವನು, ಅಷ್ಟು ಹೊಗೆಯ ನಡುವೆಯೂ ಗೇಟಿನ ಹತ್ತಿರ ನಿಂತುಬಿಟ್ಟ.

“‘ಯಾರೇ ಅದು, ನಾಲ್ಕನೇ ಸಾಲು ಸೊಟ್ಟಗಾಗಿದೆ’ ಅಂದ್ರು ಅಪ್ಪ. ಸರಿ ಮಾಡೋಕೆ ಬಂದ್ರು. ನಾನು ಏನಾದ್ರೂ ಹೇಳ್ಬಹುದಿತ್ತು. ಬಾಯಲ್ಲಿ ಪೆಪ್ಪರ್‌ಮಿಂಟ್ ಇತ್ತು. ಉಗುಳೋಕೂ ಆಗ್ಲಿಲ್ಲ, ನುಂಗೋಕೂ ಆಗ್ಲಿಲ್ಲ. ಅದು ಕರಗೋದ್ರೊಳಗೆ ಎಲ್ಲ ಮುಗೀತು.”

ಮೊದಲ ಏಟು ನಮ್ಮ ಅಜ್ಜನದು, ಆ ಗಳದಿಂದ. ಆಮೇಲೆ ಮಿಕ್ಕವರು ಬಂದು ಸೇರಿದರು. ಯಾವ ಮನೆಯ ಕೈ ಎಂದು ಕೇಳಿದ್ದಿರಿ. ನಮ್ಮ ಮನೆಯದು. ಗಳ ಇನ್ನೂ ನಮ್ಮ ಹಿತ್ತಲಿನಲ್ಲೇ ಇದೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಅಜ್ಜ ಅದನ್ನೇ ಆಸರೆ ಕೊಟ್ಟಿದ್ದ. ನಮ್ಮ ಮನೆ ಯಾಕೆ ಒದ್ದೆ ಎಂದು ನನಗೆ ಈಗ ಗೊತ್ತಾಯಿತು.

ನಿಮ್ಮ ತಮ್ಮ ಇಳಿದಾಗ ಹತ್ತಿರ ಒಬ್ಬಳಿದ್ದಳು. ಡಬ್ಬಿ ಖಾಲಿಯಿರಲಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಎರಡು ತಿಂಗಳು ಬರೆಯಲಿಲ್ಲ. ಓದಿದ ಕರಪತ್ರಗಳನ್ನೆಲ್ಲ ಮತ್ತೆ ತಿರುವಿ ಹಾಕಿದೆ. ಒಂದರಲ್ಲೂ ಇರಲಿಲ್ಲ. ಅವನು ಒಳ್ಳೆಯವನಾಗಿದ್ದರೆ ನನಗೆ ಎಲ್ಲ ಸುಲಭವಿತ್ತು. ನಮ್ಮ ದೊಡ್ಡಪ್ಪನನ್ನು ಬೇಯಿಸಿದವನು ಎಂದು ತಿಳಿದ ಮೇಲೆ, ಅಜ್ಜನ ಕೈಯಲ್ಲಿದ್ದ ಗಳ ನನ್ನ ಕೈಗೂ ಬಂದ ಹಾಗಾಯಿತು. ಅದರ ಭಾರ ನೋಡಿದೆ. ಹೊಡೆದೂ ನೋಡಿದೆ, ಮನಸ್ಸಿನಲ್ಲಿ. ಹೊಡೆದ ಮೇಲೂ ಅವನು ಕಾಲು ಮುರಿದು ಬಿದ್ದ ಹುಡುಗನೇ. ಕೊಂದದ್ದು ತಪ್ಪು. ಈಗಲೂ ತಪ್ಪು. ಇದನ್ನು ಹೇಳಲು ನನ್ನ ಹತ್ತಿರ ದೊಡ್ಡ ಮಾತುಗಳು ಉಳಿದಿಲ್ಲ.

ಹೊಸ ಕರಪತ್ರ ಅಚ್ಚು ಹಾಕಿಸಿದೆ. ಮೂರೇ ಸಾಲು. ‘ಅವನು ನಮ್ಮನ್ನು ಸುಡಲು ಬಂದ. ಇಳಿದಾಗ ಅವನ ಕೈಯಲ್ಲಿ ಆಯುಧ ಇರಲಿಲ್ಲ. ನಾವು ಕೊಂದೆವು.’ ಕೆಳಗೆ, ಮೊದಲ ಏಟು ನಮ್ಮ ಅಜ್ಜನದು ಎಂದೇ ಹಾಕಿದೆ. ಸಂಘದ ಸಭೆಯಲ್ಲಿ ಓದಿದಾಗ ಬಾಯ್ಲರಿನ ಮುದುಕ ಎದ್ದು, “ಹಾಗಾದ್ರೆ ಅವನು ನಮ್ಮನ್ನ ಕೊಲ್ಲೋಕೇ ಬಂದಿದ್ದ. ಅವನಿಗೆ ಕಲ್ಲು ಯಾಕಮ್ಮ? ನಿನ್ನ ದೊಡ್ಡಪ್ಪನಿಗೆ ಇದೆಯಾ ಕಲ್ಲು?” ಎಂದ. ಅವನ ತಂಗಿಯೂ ಆ ಶೆಡ್ಡಿನಲ್ಲಿದ್ದಳು. ಕಲ್ಲು ಬೇಡವೆಂದು ತೀರ್ಮಾನವಾಯಿತು. ಅರ್ಧ ಕೆತ್ತಿದ್ದನ್ನು ಕಲ್ಲುಕುಟಿಗ ಯಾರದೋ ಮನೆಯ ಮೆಟ್ಟಿಲಿಗೆ ಹಾಕಿದ.

ಮರುದಿನದಿಂದ ಮಡಚುವ ಮೇಜಿನಲ್ಲಿ ನನ್ನ ಥಾನಿನ ಇನ್ನೊಂದು ತುದಿ ಹಿಡಿಯಲು ಯಾರೂ ಬರಲಿಲ್ಲ. ಗುಬ್ಬಿಯೂ ಕಣ್ಣು ತಪ್ಪಿಸಿದಳು. ಒಂದು ತುದಿಯನ್ನು ಬಾಗಿಲ ಕೊಂಡಿಗೆ ಕಟ್ಟಿ ಒಬ್ಬಳೇ ಮಡಚಿದೆ. ಎಲ್ಲ ಸೊಟ್ಟ. ಮೇಲ್ವಿಚಾರಕ ಬಿಚ್ಚಿ ಮತ್ತೆ ಮಡಚು ಎಂದ. ಹೀಗೇ ಜುಲೈ ಕಳೆಯಿತು. ಮೊನ್ನೆ ಗುಬ್ಬಿ ಸರ್ರನೆ ಬಂದು ಕೊಂಡಿಯಿಂದ ಬಿಚ್ಚಿ ತುದಿ ಹಿಡಿದಳು. “ನಿನ್ನ ಮಾತು ಒಪ್ಪಿದೀನಿ ಅಂದ್ಕೋಬೇಡ. ಈ ಸೊಟ್ಟ ನೋಡಿ ನೋಡಿ ಕಣ್ಣು ಉರೀತಿದೆ,” ಎಂದಳು. ಅಷ್ಟು ಸಿಕ್ಕಿದೆ. ಬೇರೆ ಯಾರೂ ಇನ್ನೂ ಮಾತಾಡಿಲ್ಲ.

ಕಲ್ಲಿಲ್ಲದ ಕಡೆಗೆ ಬನ್ನಿ ಎಂದು ಯಾವ ಬಾಯಿಂದ ಕರೆಯಲಿ? ಆದರೆ ಅತ್ತೆ ಕರೆಯುತ್ತಿದ್ದಾಳೆ. ಅಕ್ಟೋಬರ್ ಹನ್ನೊಂದರಂದು ಅವನನ್ನು ಹೂಳಿದ ಆ ಮೂಲೆಯಲ್ಲಿ ತಾನೇ ಒಂದು ಬಟ್ಟೆ ಹಾಸುತ್ತಾಳಂತೆ. ಗಳವನ್ನು ಮನೆಯಿಂದ ತೆಗೆಯಬೇಕು, ಏನು ಮಾಡುವುದೆಂದು ಅವನ ಅಕ್ಕನೇ ಹೇಳಲಿ ಎನ್ನುತ್ತಾಳೆ. ಬಾರದಿದ್ದರೂ ಅವಳಿಗೆ ಅರ್ಥವಾಗುತ್ತದೆ. ಹೊಡೆದವನ ಮಗಳು ಅವಳು.

ಇತಿ,
ನಿಮ್ಮ ಹುಡುಗಿ

*

ಸೆಪ್ಟೆಂಬರ್ ೫

ಮಗಳೇ,

ನಿನ್ನ ಪತ್ರದಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಯಾವುದೆಂದು ಅತ್ತೆಗೆ ಗೊತ್ತಾಗುತ್ತದೆ. ‘ನಾನು ತಗೊಂಡೆ’ ಎಂಬುದು. ಅವನು ಕೊಟ್ಟದ್ದನ್ನು ಕೊನೆಗೆ ಒಬ್ಬರು ತೆಗೆದುಕೊಂಡರು.

ನಿಮ್ಮ ಬಾಯ್ಲರಿನ ಮುದುಕ ಕೇಳಿದ್ದು ನ್ಯಾಯ. ಅವರ ತಂಗಿಗೂ ನಿನ್ನ ದೊಡ್ಡಪ್ಪನಿಗೂ ಕಲ್ಲಿಲ್ಲದ ಊರಿನಲ್ಲಿ ನನ್ನ ತಮ್ಮನಿಗೆ ಮೊದಲು ಬೇಡ. ಅವರಿಗೆ ಹೇಳು, ಸಾಧ್ಯವಾದರೆ ಆ ದಿನ ಅವರನ್ನೂ ನೋಡಬೇಕು. ಬೈಯಬೇಕೆಂದರೆ ಬೈಯಲಿ. ನಲವತ್ತು ವರ್ಷ ಬೈಸಿಕೊಳ್ಳುವವರು ಯಾರೂ ಸಿಕ್ಕಿರಲಿಕ್ಕಿಲ್ಲ.

ಗಳದ ಬಗ್ಗೆ ಬಂದ ಮೇಲೆ ಹೇಳುತ್ತೇನೆ. ಈಗ ಏನೂ ತೋಚುತ್ತಿಲ್ಲ. ಕೈಯಲ್ಲಿ ಹಿಡಿದರೆ ತೋಚಬಹುದು. ಸೂಜಿ ಡಬ್ಬಿ ಅತ್ತೆಯ ಹತ್ತಿರವೇ ಇರಲಿ. ನಾನು ಅದನ್ನು ವಾಪಸ್ಸು ಕೇಳಲು ಬರುತ್ತಿಲ್ಲ. ಬಟ್ಟೆ ಹಾಸಿದರೆ ಸಾಲು ನೇರ ಮಾಡಬೇಡ ಎಂ​ದು ಅವಳಿಗೆ ಹೇಳು. ಸೊಟ್ಟಗೇ ಇರಲಿ, ನಾನು ನೋಡಬೇಕು.

ಅಂಗಡಿಯ ಬಾಗಿಲಿಗೆ ಚೀಟಿ ಬರೆದಿಟ್ಟಿದ್ದೇನೆ. ರೈಲಿನ ಟಿಕೆಟ್ಟು ಆಗಿದೆ. ನಿಲ್ದಾಣಕ್ಕೆ ಯಾರೂ ಬರಬೇಡಿ, ದಾರಿ ಕೇಳಿಕೊಂಡು ನಡೆದೇ ಬರುತ್ತೇನೆ. ಅವನು ಮೇಲಿನಿಂದ ನೋಡಿದ ಊರನ್ನು ನಾನು ಕೆಳಗಿನಿಂದ ನೋಡುತ್ತೇನೆ.

ಅಕ್ಟೋಬರ್ ಹನ್ನೊಂದು, ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ನಿನ್ನ ಅಜ್ಜ ನಿಂತ ಆ ಗೇಟಿನ ಹತ್ತಿರ.